ಎಣ್ಣೆ ನೋಡುವ ಕೈ

ನಾನು ಕಣ್ಣಾರೆ ಕಂಡದ್ದು ಇಷ್ಟು. ರೆಫರಿಯ ಬಲಗೈ ಒಬ್ಬ ಆಟಗಾರನ ಮೊಳಕೈಯಿಂದ ಮಣಿಕಟ್ಟಿನವರೆಗೆ ಸವರಿಕೊಂಡು ಹೋಯಿತು. ಆಮೇಲೆ ರೆಫರಿ ತಮ್ಮ ಕೈಯನ್ನು ತಿರುವಿ ಅಂಗೈ ನೋಡಿಕೊಂಡರು. ಕಾಂಪೌಂಡ್ ಗೋಡೆಯ ಮೇಲೆ ಕೂತಿದ್ದ ಯಾರೋ ಕೂಗಿದರು: "ಬಣ್ಣ ಹತ್ತೇತೇನ್ರಿ ಸರ?" ಗೋಡೆಗೆ ಗೋಡೆಯೇ ನಕ್ಕಿತು.

ಉಳಿದದ್ದನ್ನೆಲ್ಲ ನಾನು ಕೇಳಿಸಿಕೊಂಡೆ, ಅಥವಾ ಆಮೇಲೆ ಸೇರಿಸಿಕೊಂಡೆ. ಆ ದೃಶ್ಯ ನನಗೆ ಇಳಿಬಿಸಿಲಿನಲ್ಲೇ ಕಾಣುತ್ತದೆ, ಕೋಟೆಯ ಕಡೆಯಿಂದ ಉದ್ದನೆಯ ನೆರಳು ಬಿದ್ದಂತೆ. ಆದರೆ ಸೆಮಿಫೈನಲ್ ಶುರುವಾದದ್ದು ಊಟದ ಹೊತ್ತು ಕಳೆದ ಕೂಡಲೇ. ಆ ಹೊತ್ತಿಗೆ ಕಿತ್ತೂರಿನಲ್ಲಿ ಯಾರ ನೆರಳೂ ಉದ್ದವಾಗಿರುವುದಿಲ್ಲ. ಆ ಬಿಸಿಲನ್ನು ಬೇರೆ ಯಾವುದೋ ಸಂಜೆಯಿಂದ ತಂದು ಇಲ್ಲಿ ಹಾಕಿಕೊಂಡಿದ್ದೇನೆ. ಕೈಯನ್ನು ಮಾತ್ರ ಎಲ್ಲಿಂದಲೂ ತಂದಿಲ್ಲ.

ತೊಂಬತ್ತರ ದಶಕದ ಕೊನೆ. ನಮ್ಮ ಕಡೆ ಮನೆಗೊಬ್ಬರು ಸೈನ್ಯಕ್ಕೆ ಹೋದವರು. ನಿವೃತ್ತರಾಗಿ ಬರುವಾಗ ಟ್ರಂಕು, ಕಂಬಳಿಗಳ ಜೊತೆ ಫುಟ್‌ಬಾಲಿನ ಹುಚ್ಚನ್ನೂ ತಂದಿದ್ದರು. ಪ್ರತಿ ಚಳಿಗಾಲ ಕಿತ್ತೂರಿನ ಶಾಲೆಯ ಮೈದಾನದಲ್ಲಿ ಬೈಲಹೊಂಗಲ, ಸವದತ್ತಿ, ರಾಮದುರ್ಗ ಮತ್ತು ನಮ್ಮ ಊರಿನ ತಂಡಗಳ ನಡುವೆ ಪಂದ್ಯಾವಳಿ ನಡೆಯುತ್ತಿತ್ತು. ಹೆದ್ದಾರಿಯಲ್ಲಿ ಹೋಗುವ ಲಾರಿಗಳು ನಿಲ್ಲುತ್ತಿದ್ದವು. ಪುಣೆಗೆ ಈರುಳ್ಳಿ ಒಯ್ಯುತ್ತಿದ್ದ ಚಾಲಕರು ಕ್ಯಾಬಿನ್ನಿನ ಮೇಲೆ ನಿಂತು, ಯಾವ ಊರು ಯಾವುದೆಂದು ಗೊತ್ತಿಲ್ಲದೆಯೇ, ಎರಡೂ ಕಡೆಗೂ ಸಿಳ್ಳೆ ಹಾಕುತ್ತಿದ್ದರು.

ನಾನು ಆ ಶಾಲೆಯ ಶಿಕ್ಷಕಿ. ಎಲ್ಲರ ಬಾಯಲ್ಲಿ 'ಅಕ್ಕೋರು'. ಮೈದಾನ ಶಾಲೆಯದು, ಗೋಲಿನ ಬಲೆ ಇಡುವ ಕೋಣೆಯ ಕೀಲಿ ನನ್ನ ಹತ್ತಿರ, ಸುಣ್ಣದ ಗೆರೆ ಎಳೆಸುವ ಕೆಲಸವೂ ನನ್ನದು. ಇಷ್ಟರಿಂದಲೇ ನಾನು ಕಮಿಟಿಯಲ್ಲಿದ್ದೆ. ಫುಟ್‌ಬಾಲಿನ ಬಗ್ಗೆ ನನಗೆ ಗೊತ್ತಿದ್ದುದು ಚೆಂಡು ಗುಂಡಗಿರುತ್ತದೆ ಎಂಬುದು.

ಆ ವರ್ಷ ನಮ್ಮ ಊರಿನ ತಂಡದಲ್ಲಿ ಅರ್ಧ ಜನ ಮದುವೆಗಳಿಗೆ ಹೋಗಿ ಬಿಟ್ಟಿದ್ದರಿಂದ ಜಾಗ ಖಾಲಿಯಾಯಿತು. ಹಳಿಯಾಳದ ಕಡೆಯ ಕಾಡಂಚಿನ ಹಳ್ಳಿಗಳಿಂದ ಸಿದ್ದಿಯರ ತಂಡವೊಂದನ್ನು ಕರೆಸಿದೆವು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು, ನಮಗಿಂತ ಹೆಚ್ಚು ಕಾಡು ಕಂಡವರು, ನಮ್ಮಂತೆಯೇ ಕನ್ನಡದಲ್ಲಿ ಬೈಯುವವರು. ಅವರು ಟೆಂಪೋದಿಂದ ಇಳಿದಾಗ ಚಹಾದಂಗಡಿಯವನು ಬಾಯಿ ತೆರೆದು ನಿಂತ.

"ಯಾವ ದೇಶದಿಂದ ಬಂದೀರಿ?"

"ಹಳಿಯಾಳ ದೇಶದಿಂದ್ರಿ," ಎಂದ ಅವರ ಕ್ಯಾಪ್ಟನ್. "ಟೆಂಪೋದಾಗ ಬಂದೀವಿ. ವಿಮಾನ ಅಳ್ನಾವರದಾಗ ನಿಂದರೂದಿಲ್ಲಂತ."

ಅವನಿಗೆ ಇಪ್ಪತ್ತಾರೋ ಇಪ್ಪತ್ತೆಂಟೋ ಇದ್ದಿರಬೇಕು. ಅದೇ ಟೆಂಪೋದ ಚಾಲಕ. ಗಂಟಲು ಮೈಕಿನಂಥದ್ದು. ಮೊದಲ ದಿನವೇ ಚಹಾದಂಗಡಿಯವನ ಜೊತೆ ಅವನಿಗೆ ಗೆಳೆತನವಾಯಿತು. ಚಹಾದಲ್ಲಿ ಸಕ್ಕರೆ ಹೆಚ್ಚೋ ಕಡಿಮೆಯೋ ಎಂಬ ಅವರ ಜಗಳ ಮೈದಾನದ ಆಚೆ ತುದಿಗೂ ಕೇಳುತ್ತಿತ್ತು.

ರೆಫರಿ ಬೈಲಹೊಂಗಲದ ಹೈಸ್ಕೂಲೊಂದರ ಪಿ.ಟಿ. ಮಾಸ್ತರರು. ಮುಸ್ಲಿಂ ಮನೆತನ. ತಂದೆ ಪೇಟೆಯಲ್ಲಿ ಗಾದಿ ಹೊಲಿಯುತ್ತಿದ್ದರು. ಮಾಸ್ತರರು ತಾರುಣ್ಯದಲ್ಲಿ ಕಬಡ್ಡಿ ಆಡಿದವರು, ಆಮೇಲೆ ವರ್ಷಗಟ್ಟಲೆ ಕಬಡ್ಡಿಗೆ ಪಂಚರಾಗಿ ಸೀಟಿ ಊದಿದವರು. ಫುಟ್‌ಬಾಲಿಗೆ ಸೀಟಿ ಹಿಡಿಯುವವರು ನಮ್ಮಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅವರೇ ನಿಯಮದ ಪುಸ್ತಕ ತರಿಸಿಕೊಂಡು ಓದಿ ರೆಫರಿಯಾದರು. ಆದರೆ ಕಬಡ್ಡಿ ಅವರ ಮೈಯಿಂದ ಪೂರ್ತಿ ಹೋಗಿರಲಿಲ್ಲ. ಪೆನಾಲ್ಟಿ ಕೊಡುವಾಗಲೂ ಅವರ ಎಡಗಾಲು ಕಬಡ್ಡಿಯ ಗೆರೆ ತುಳಿದವರಂತೆ ಮುಂದೆ ಬರುತ್ತಿತ್ತು.

ಆ ಸೆಮಿಫೈನಲ್ ಸಿದ್ದಿಯರ ತಂಡಕ್ಕೂ ಸವದತ್ತಿಗೂ ನಡೆಯಿತು. ಸಿದ್ದಿಯರು ಗೆದ್ದರು, ಚೆನ್ನಾಗಿಯೇ ಗೆದ್ದರು. ಗೋಡೆಯ ಮೇಲಿನವರೂ ಕೊನೆಗೆ ಅವರ ಕಡೆಗೇ ಕೂಗುತ್ತಿದ್ದರು. ನಮ್ಮ ಜನಕ್ಕೆ ಒಳ್ಳೆಯ ಗೋಲು ಕಂಡರೆ ಊರು ಮರೆತು ಹೋಗುತ್ತದೆ.

ಆಟ ಮುಗಿದು ನಾನು ಬಲೆ ಸುತ್ತಿಡುತ್ತಿದ್ದಾಗ ಕ್ಯಾಪ್ಟನ್ ಕೋಣೆಯ ಬಾಗಿಲಿಗೆ ಬಂದ. ಮೈಯೆಲ್ಲ ಬೆವರು, ಕೆಂಪು ಧೂಳು.

"ಅಕ್ಕೋರ, ಕಮಿಟಿಯವ್ರು ಎಲ್ಲಿ ಅದಾರ್ರಿ?"

"ಬರತಾರ, ಕುಂದ್ರ ತಮ್ಮಾ. ಗಿರಮಿಟ್ ತಿಂದ್ರಿಲ್ಲೊ ಎಲ್ಲಾರೂ?"

"ತಿಂದೇವ್ರಿ. ಎರಡೆರಡ ಸಲ ತಿಂದೇವಿ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ." ಅವನು ಕೂರಲಿಲ್ಲ. "ನಾಳಿ ಫೈನಲ್‌ಕ ಆ ರೆಫರಿ ಇದ್ರ ನಾವ ಆಡೂದಿಲ್ಲ."

ಅವನು ಹೇಳಿದ್ದು ಎರಡು ಮಾತು. ಒಂದು, ಆಟದ ಮೊದಲು ಸಾಲಾಗಿ ನಿಂತಾಗ ರೆಫರಿ ತನ್ನೊಬ್ಬನ ತೋಳನ್ನೇ ತಿಕ್ಕಿ, ಬಣ್ಣ ಬಿಡುತ್ತದೋ ಎಂಬಂತೆ ತಮ್ಮ ಅಂಗೈ ನೋಡಿಕೊಂಡರು. ಎರಡು, ಗೋಡೆಯ ಮೇಲಿನವನು ಕೂಗಿದಾಗ ರೆಫರಿಯೂ ನಕ್ಕರು.

ಆ ಹೊತ್ತಿಗೆ ಕಪ್ ಕೊಡಿಸಿದ ಸಾವಕಾರರು ಒಳಗೆ ಬಂದಿದ್ದರು. ಅವರದು ಗೊಬ್ಬರದ ಅಂಗಡಿ, ದೊಡ್ಡ ದೇಹ, ಒಳ್ಳೆಯ ಮನಸ್ಸು, ಅವಸರದ ಬಾಯಿ.

"ಅಲ್ಲೋ ತಮ್ಮಾ, ನೀವು ಗೆದ್ದೀರಿ. ಗೆದ್ದ ಮ್ಯಾಲೂ ತಕರಾರ ಏನು?"

"ಗೆದ್ದೇವಂತನ ಬಂದೇನ್ರಿ ಸಾವಕಾರ್ರ. ಸೋತಾವ ಬಂದು ಹೇಳಿದ್ರ ಕೇಳತಿದ್ರೇನ್ರಿ ನೀವು?"

ಸಾವಕಾರರು ಸ್ವಲ್ಪ ಹೊತ್ತು ಯೋಚಿಸಿದರು. "ಇಲ್ಲ," ಎಂದರು. ಈ ಪ್ರಾಮಾಣಿಕತೆಗಾಗಿ ನಾನು ಅವರನ್ನು ಇಂದಿಗೂ ಇಷ್ಟಪಡುತ್ತೇನೆ.

ಸಂಜೆ ಕಮಿಟಿ ಒಂದನೇ ಇಯತ್ತೆಯ ಕೋಣೆಯಲ್ಲಿ ಸೇರಿತು. ಬೇರೆ ಕೋಣೆಗಳಲ್ಲಿ ಆಟಗಾರರು ಮಲಗುವವರಿದ್ದರು. ಅಧ್ಯಕ್ಷರಾಗಿದ್ದ ನಿವೃತ್ತ ಸುಬೇದಾರರು, ಸಾವಕಾರರು, ನಾನು, ಮತ್ತೆ ಇಬ್ಬರು ಸದಸ್ಯರು, ಎಲ್ಲರೂ ಮಕ್ಕಳ ಬೆಂಚುಗಳಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿ ಕೂತೆವು. ಸಾವಕಾರರು ಬೆಂಚಿನೊಳಗೆ ಹೊಕ್ಕವರು ಮತ್ತೆ ಹೊರಬರಲು ಆಗದೆ ಸಭೆ ಮುಗಿಯುವವರೆಗೆ ಅಲ್ಲೇ ಸಿಕ್ಕಿಕೊಂಡಿದ್ದರು. ಕ್ಯಾಪ್ಟನ್ನನ್ನು ವರಾಂಡದಲ್ಲಿ ಕೂರಿಸಿ ರೆಫರಿ ಮಾಸ್ತರರನ್ನು ಕರೆಸಿದೆವು.

ಅವರಿಗೆ ಆಗಲೇ ಸುದ್ದಿ ಮುಟ್ಟಿತ್ತು. ಮುಖ ಬಿಳಚಿಕೊಂಡಿತ್ತು.

"ನಾನು ಎಣ್ಣಿ ನೋಡಿದ್ನಿ," ಎಂದರು.

"ಎಣ್ಣಿ?"

ಕಬಡ್ಡಿಯಲ್ಲಿ ಹಿಡಿತ ಜಾರಲೆಂದು ಮೈಗೆ ಎಣ್ಣೆ ಹಚ್ಚಿಕೊಂಡು ಬರುವವರಿರುತ್ತಾರೆ. ಅದಕ್ಕಾಗಿ ಪಂಚರು ಆಟಕ್ಕೆ ಮೊದಲು ಉಗುರು ನೋಡುತ್ತಾರೆ, ತೋಳು ಸವರುತ್ತಾರೆ, ಆಮೇಲೆ ತಮ್ಮ ಅಂಗೈ ಹೊಳೆಯುತ್ತದೆಯೋ ಎಂದು ನೋಡಿಕೊಳ್ಳುತ್ತಾರೆ. ಮಾಸ್ತರರು ವರ್ಷಗಟ್ಟಲೆ ಅದನ್ನು ಮಾಡಿದ್ದರು. "ಕೈ ತಾನ ಹೋಗತದ್ರಿ. ನನಗ ಗೊತ್ತೂ ಆಗೂದಿಲ್ಲ."

"ಫುಟ್‌ಬಾಲಿನೊಳಗ ಎಣ್ಣಿ ಯಾಕ ನೋಡಬೇಕ್ರಿ?" ಸಾವಕಾರರು ಬೆಂಚಿನೊಳಗಿಂದಲೇ ಕೇಳಿದರು.

"ನೋಡಬಾರದು. ಬೂಟಿನ ಮೊಳಿ ನೋಡಬೇಕು. ಎರಡೂ ನೋಡತೇನಿ."

"ಎಲ್ಲಾರ ತೋಳು ನೋಡಿದ್ರೇನು? ಅವನದೊಂದ ನೋಡಿದ್ರೇನು?"

ಇಲ್ಲಿ ಮಾಸ್ತರರು ಎಲ್ಲರದೂ ಎಂದು ಹೇಳಿಬಿಟ್ಟಿದ್ದರೆ ಅವರ ಕೆಲಸ ಹಗುರಾಗುತ್ತಿತ್ತು.

"ನೆನಪಿಲ್ಲ," ಎಂದರು.

"ಮತ್ತ ನಕ್ಕಿದ್ದು?"

"ನಕ್ಕಿಲ್ಲ ಅಂತ ನಾ ಹೇಳತೇನಿ. ಆದ್ರ ನನ್ನ ಹಲ್ಲು ನೋಡ್ರಿ." ಅವರ ಮುಂದಿನ ಹಲ್ಲುಗಳು ತುಟಿಗಿಂತ ಮುಂದಿದ್ದವು. "ನಮ್ಮ ಅಪ್ಪಗ ಮಣ್ಣ ಕೊಡೂ ಮುಂದೂ ಜನ ಕೇಳಿದ್ರು, ಯಾಕ ನಗಾಕ್ಹತ್ತೀ ಅಂತ."

ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಸುಬೇದಾರರ ಮೀಸೆ ಮಾತ್ರ ಸ್ವಲ್ಪ ಅಲ್ಲಾಡಿತು.

ಸಾಕ್ಷಿಗಳನ್ನು ಕರೆದೆವು. ಸವದತ್ತಿಯ ಗೋಲ್‌ಕೀಪರ್ ತನ್ನ ತೋಳನ್ನೂ ಸವರಿದ್ದರು ಎಂದ. ಯಾವಾಗ ಎಂದು ಕೇಳಿದರೆ, "ಹೋದ ವರ್ಷ, ಕಬಡ್ಡಿಯೊಳಗ್ರಿ" ಎಂದ. ಸವದತ್ತಿಯ ಮತ್ತೊಬ್ಬ ತನ್ನನ್ನು ಮುಟ್ಟಲೇ ಇಲ್ಲ ಎಂದ. ಅವನ ಪಕ್ಕ ನಿಂತಿದ್ದವನು, "ಇವನ್ನ ಮುಟ್ಟಿದ್ರು, ನನ್ನ ಮುಟ್ಟಿಲ್ಲ" ಎಂದ. ಚಹಾದಂಗಡಿಯವನು ತಾನು ಎಲ್ಲವನ್ನೂ ನೋಡಿದೆನೆಂದು ಬಂದ. ಆದರೆ ಆ ಹೊತ್ತಿನಲ್ಲಿ ಅವನು ನಮ್ಮ ಕಮಿಟಿಯವರಿಗೇ ಚಹಾ ಕೊಡುತ್ತಿದ್ದ.

"ಅಕ್ಕೋರ, ನೀವು ಗೆರಿ ಬಾಜೂಕ ಇದ್ರಿ," ಎಂದರು ಸುಬೇದಾರರು.

ಕೈ, ಅಂಗೈ, ಕೂಗು. ಮೂರನ್ನೂ ಹೇಳಿದೆ. ಅದಕ್ಕಿಂತ ಮೊದಲು ನಾನು ಸುಣ್ಣದ ಬುಟ್ಟಿಯ ಕಡೆ ನೋಡುತ್ತಿದ್ದೆ. ಮಾಸ್ತರರ ಮುಖ ನನಗೆ ಕಾಣುತ್ತಿರಲಿಲ್ಲ, ಬೆನ್ನು ಕಾಣುತ್ತಿತ್ತು. ಬೆನ್ನು ನಕ್ಕಿತೋ ಇಲ್ಲವೋ ಹೇಳಲಾರೆ.

ಈಗ ಬರೆಯುವಾಗ ನನ್ನ ನೆನಪು ಮಾಸ್ತರರ ಸುತ್ತ ಒಂದು ಸುತ್ತು ಹಾಕಿ ಎದುರಿಗೆ ಹೋಗಿ ನಿಲ್ಲುತ್ತದೆ, ಮುಖವನ್ನು ತೋರಿಸುತ್ತದೆ. ಕೆಲವು ದಿನ ಆ ಮುಖ ನಗುತ್ತದೆ, ಕೆಲವು ದಿನ ಇಲ್ಲ. ನಾನು ನಿಂತೇ ಇರದ ಜಾಗದಿಂದ ಕಂಡದ್ದನ್ನು ಏನೆಂದು ಕರೆಯಲಿ?

ಸಾವಕಾರರು ಒಂದು ದಾರಿ ಸೂಚಿಸಿದರು. "ಮಾಸ್ತರಗ ಜ್ವರ ಬಂದಾವ ಅಂತ ಮೈಕಿನ್ಯಾಗ ಹೇಳೂಣು. ಬ್ಯಾರೆ ಯಾರರೆ ಸೀಟಿ ಊದಲಿ. ಇವರ ಮಾನಾನೂ ಉಳೀತದ, ಅವರೂ ಆಡತಾರ."

"ನನಗ ಜ್ವರ ಇಲ್ರಿ," ಎಂದರು ಮಾಸ್ತರರು. "ಸುಳ್ಳ ಜ್ವರದಿಂದ ಮನಿಗೆ ಹೋದ್ರ ನಾಳಿ ಬೈಲಹೊಂಗಲ ಪ್ಯಾಟಿಯೊಳಗ ಏನಂತಾರ? ತಪ್ಪ ಮಾಡಿದ್ದಕ್ಕ ತಗದರು ಅಂತಾರ. ಸಾಲಿ ಹುಡುಗರ ಮುಂದ ನಾ ಹ್ಯಾಂಗ ನಿಂದರ್ಲಿ? ನಾಳಿ ಸೀಟಿ ನನ್ನ ಕೈಯಾಗ ಇಲ್ಲಂದ್ರ ಮತ್ತೆಂದೂ ನಾ ಸೀಟಿ ಹಿಡಿಯೂದಿಲ್ಲ."

ಆಗ ಸದಸ್ಯರಲ್ಲೊಬ್ಬರು ಇನ್ನೊಂದು ದಾರಿ ಹೇಳಿದರು. ನಮ್ಮಲ್ಲಿ ಹೊಲದ ಬದುವಿನ ಜಗಳದಿಂದ ಹಿಡಿದು ಕೋಳಿ ಕಳುವಿನವರೆಗೆ ಅದು ಬಗೆಹರಿಸದ ನ್ಯಾಯವಿಲ್ಲ: ಸವದತ್ತಿ ಗುಡ್ಡದ ದೇವಿಯ ಅರಿಶಿನ ಭಂಡಾರ ಮುಟ್ಟಿ ಆಣೆ ಮಾಡುವುದು. ಮಾಸ್ತರರು ಬೇಕಾದರೆ ತಮ್ಮ ಧರ್ಮದ ಪ್ರಕಾರ ಮಾಡಲಿ, ಅಲ್ಲಿಗೆ ಮುಗಿಯುತ್ತದೆ.

ಮಾಸ್ತರರು ತಲೆ ಅಲ್ಲಾಡಿಸಿದರು. "ನಾ ಆಣಿ ಮಾಡಿದ್ರ ಆ ಹುಡುಗ ಸುಳ್ಳ ಆಗತಾನ. ಅವ ಸುಳ್ಳ ಹೇಳಾಕ್ಹತ್ಯಾನ ಅಂತ ನನಗ ಅನಸೂದಿಲ್ಲ. ಅವನ ತೋಳ ಮ್ಯಾಲ ಕೈ ಆಡೇತಿ. ಅವಗ ಹ್ಯಾಂಗ ಅನಿಸ್ತೊ ಅದು ಅವಗ ಗೊತ್ತು."

ಆ ಮಾತು ಬಂದ ಮೇಲೆ ಆಣೆ ಸೂಚಿಸಿದ ಸದಸ್ಯರೇ ಮಾಸ್ತರರ ಕಡೆ ಕಣ್ಣು ಹಾಯಿಸಿ, ಮೆಲ್ಲಗೆ, ಪಕ್ಕದವರಿಗೆಂಬಂತೆ ಹೇಳಿದರು: "ಏನ ಹೇಳ್ರಿ, ಇವರ ಮಂದೀನ ಹಂಗ."

ಮೆಲ್ಲಗೆ ಹೇಳಿದ್ದು ವರಾಂಡಕ್ಕೆ ಕೇಳಿಸಿತು. ಕ್ಯಾಪ್ಟನ್ ಬಾಗಿಲಿಗೆ ಬಂದು ನಿಂತ.

"ಯಾವ ಮಂದಿ ಬಗ್ಗೆ ಹೇಳಾಕ್ಹತ್ತೀರಿ? ನಾ ಮಂದಿ ಬಗ್ಗೆ ಏನೂ ಹೇಳಿಲ್ರಿ. ಒಂದ ಕೈ ಬಗ್ಗೆ ಹೇಳೇನಿ. ನನ್ನ ಹೆಸರಿನ್ಯಾಗ ಮತ್ತೊಬ್ಬರಿಗೆ ಬೈಬ್ಯಾಡ್ರಿ."

ಆ ಸದಸ್ಯರು ಬೆಂಚಿನ ಮೇಲೆ ಯಾವುದೋ ಮಗು ಕೊರೆದಿದ್ದ ಹೂವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಸುಬೇದಾರರು ಎದ್ದು ಕರಿಹಲಗೆಯ ಬಳಿ ಹೋದರು. ಸೈನ್ಯದಲ್ಲಿ ಏನೇನು ವಿಚಾರಣೆಗಳನ್ನು ಕಂಡಿದ್ದರೋ, ಅವರ ರೀತಿ ಅದು. ನಡುವೆ ಒಂದು ಗೆರೆ ಎಳೆದರು. ಎಡಕ್ಕೆ 'ಗೊತ್ತು', ಬಲಕ್ಕೆ 'ಗೊತ್ತಿಲ್ಲ' ಎಂದು ಬರೆದರು. ನಾನೇ ಬೆಳಿಗ್ಗೆ ಬರೆದಿದ್ದ 'ಅರಸ, ಆನೆ' ಮೇಲುಗಡೆ ಹಾಗೇ ಇದ್ದವು.

"ಗೋಡಿ ಮ್ಯಾಲಿಂದ ಒಬ್ಬ ಒದರಿದ. ಎಲ್ಲಾರೂ ಕೇಳೀವಿ. ಮಂದಿ ನಕ್ಕರು. ನಾವು ಕಮಿಟಿಯವ್ರು ಸುಮ್ನ ಕುಂತ್ವಿ. ಇದು ಗೊತ್ತು." ಎಡಕ್ಕೆ ಬರೆದರು. "ಇದಕ್ಕ ಸಾಕ್ಷಿ ಬ್ಯಾಡ, ಆಣಿ ಬ್ಯಾಡ. ತಪ್ಪ ನಮ್ಮದು. ನಾಳಿ ಮೈಕಿನ್ಯಾಗ ನಾನ ಮಾಫಿ ಕೇಳತೇನಿ. ಗೋಡಿ ಮ್ಯಾಲ ನಾನ ಹೋಗಿ ಕುಂದರತೇನಿ, ಯಾರ ಒದರತಾರ ನೋಡೂಣು."

"ಇನ್ನ ಮಾಸ್ತರ ಮನಸಿನ್ಯಾಗ ಏನಿತ್ತು." ಬಲಕ್ಕೆ ಬರೆದರು. "ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಶಿಕ್ಷಾ ಕೊಡಾಕ ಬರೂದಿಲ್ಲ. ಗೊತ್ತಿಲ್ಲದ್ದಕ್ಕ ಸರ್ಟಿಫಿಕೇಟನೂ ಕೊಡಾಕ ಬರೂದಿಲ್ಲ. ಮಾಸ್ತರ ನಿರಪರಾಧಿ ಅಂತ ನಾ ಮೈಕಿನ್ಯಾಗ ಹೇಳೂದಿಲ್ಲ. ತಪ್ಪ ಮಾಡ್ಯಾರ ಅಂತನೂ ಹೇಳೂದಿಲ್ಲ. ತಮ್ಮಾ, ನೀ ಏನಂತಿ?"

ಕ್ಯಾಪ್ಟನ್ ಕರಿಹಲಗೆಯನ್ನು ನೋಡುತ್ತ ನಿಂತ. ಆಮೇಲೆ ಮಾಸ್ತರರ ಕಡೆ ತಿರುಗಿದ. ಆ ಸಂಜೆ ಅವರಿಬ್ಬರೂ ನೇರವಾಗಿ ಮಾತಾಡಿದ್ದು ಅದೇ ಮೊದಲು.

"ಸರ, ನಾಳಿ ನಿಮ್ಮ ಕೈ ಮತ್ತ ತಾನ ಹೋಗತದೇನ್ರಿ?"

"ಹೋಗಬಹುದಪಾ. ಖಾತ್ರಿ ಇಲ್ಲ."

"ಹಂಗಾದ್ರ ಎಲ್ಲಾರ ಮ್ಯಾಲ ಹೋಗ್ಲಿ. ಎರಡೂ ಟೀಮು. ಮಂದಿ ನೋಡೂಹಂಗ, ಒಬ್ಬರನ್ನೂ ಬಿಡದ. ಇಲ್ಲಾ, ಯಾರ ಮ್ಯಾಲೂ ಬ್ಯಾಡ."

"ಎಲ್ಲಾರದೂ ನೋಡತೇನಿ," ಎಂದರು ಮಾಸ್ತರರು. "ಆಮ್ಯಾಲ ನೀ ನನ್ನ ತೋಳು ನೋಡು."

"ನಿಮ್ಮ ತೋಳ ತೊಗೊಂಡು ನಾ ಏನ್ ಮಾಡ್ಲಿ?" ಎಂದ ಕ್ಯಾಪ್ಟನ್. ಎಲ್ಲರಿಗಿಂತ ಮೊದಲು ನಕ್ಕದ್ದು ಬೆಂಚಿನಲ್ಲಿ ಸಿಕ್ಕಿಕೊಂಡಿದ್ದ ಸಾವಕಾರರು. ಅವರು ನಕ್ಕಾಗ ಬೆಂಚೂ ಅಲ್ಲಾಡಿತು. ಅವರನ್ನು ಹೊರಗೆಳೆಯಲು ಕ್ಯಾಪ್ಟನ್ ಒಂದು ಕಡೆ, ಮಾಸ್ತರರು ಒಂದು ಕಡೆ ಕೈ ಹಾಕಬೇಕಾಯಿತು. ಇದು ಬಹಳ ಅಂದವಾಗಿ ಬಂತು, ಅದಕ್ಕೇ ನನಗೆ ಅನುಮಾನ. ಬಹುಶಃ ಎಳೆದವರು ಸುಬೇದಾರರು ಮತ್ತು ನಾನು. ಬೆಂಚಿನ ಒಂದು ಕಾಲು ಮುರಿದದ್ದಂತೂ ನಿಜ. ಮುಂದೆ ವರ್ಷಾನುಗಟ್ಟಲೆ ಅದಕ್ಕೆ ಇಟ್ಟಿಗೆ ಕೊಟ್ಟು ಮಕ್ಕಳನ್ನು ಕೂರಿಸಿದೆ.

ಮರುದಿನ ರವಿವಾರ. ರಾಮದುರ್ಗದವರು ಎರಡು ಬಸ್ಸಿನ ತುಂಬ ಜನ ಕರೆದುಕೊಂಡು ಬಂದಿದ್ದರು, ಜೊತೆಗೆ ಹಲಗೆ ಬಾರಿಸುವವರು, ಬುಟ್ಟಿಗಟ್ಟಲೆ ರೊಟ್ಟಿ. ಸುದ್ದಿ ಎಲ್ಲ ಕಡೆ ಹಬ್ಬಿತ್ತು, ಹಬ್ಬುವಾಗ ಬೆಳೆದಿತ್ತು. ಸವದತ್ತಿಯ ಸುದ್ದಿಯಲ್ಲಿ ರೆಫರಿ ಸೋಪು ಹಚ್ಚಿ ತಿಕ್ಕಿದ್ದರು. ಬೈಲಹೊಂಗಲದ ಸುದ್ದಿಯಲ್ಲಿ ಆಟಗಾರರೇ ಮಾಸ್ತರರಿಗೆ ಹೊಡೆದಿದ್ದರು. ಮಾಸ್ತರರ ಪರವಾಗಿ ಬೈಲಹೊಂಗಲದಿಂದ ಒಂದು ಟ್ರ್ಯಾಕ್ಸ್ ಗಾಡಿ ತುಂಬ ಜನ ಬಂದು, ಎಲ್ಲಿ ಗಾಯ ಎಂದು ಹುಡುಕುತ್ತಿದ್ದರು.

ಸುಬೇದಾರರು ಮೈಕ್ ಹಿಡಿದರು. ಎಡಗಡೆ ಬರೆದದ್ದನ್ನು ಹೇಳಿ ಮಾಫಿ ಕೇಳಿದರು. ಬಲಗಡೆ ಬರೆದದ್ದನ್ನು ಹೇಳಿ, "ಇದು ಗೊತ್ತಿಲ್ಲ. ಗೊತ್ತೈತಿ ಅನ್ನಾವ್ರು ಬಂದು ನನ್ನ ಮುಂದ ಹೇಳ್ರಿ" ಎಂದರು. ಯಾರೂ ಬರಲಿಲ್ಲ. ಅವರು ಮೈಕ್ ಕೆಳಗಿಟ್ಟು, ಪಂಚೆ ಎತ್ತಿಕಟ್ಟಿ, ಆ ವಯಸ್ಸಿನಲ್ಲಿ ಗೋಡೆ ಹತ್ತಿ ಜನರ ನಡುವೆ ಕೂತರು. ಅವರ ಎಡಕ್ಕೂ ಬಲಕ್ಕೂ ಒಂದೊಂದು ಮೊಳ ಜಾಗ ತಾನಾಗಿ ಖಾಲಿಯಾಯಿತು.

ಎರಡೂ ತಂಡಗಳು ಸಾಲಾಗಿ ನಿಂತವು. ಮಾಸ್ತರರು ಮೊದಲು ಬೂಟು ನೋಡಿದರು, ಆಮೇಲೆ ತೋಳು ಸವರಲು ಶುರು ಮಾಡಿದರು. ಕ್ಯಾಪ್ಟನ್ನನ ಸರದಿ ಬಂದಾಗ ಹಲಗೆ ಬಾರಿಸುವುದು ನಿಂತಿತು. ಇದನ್ನು ನಾನು ಎದುರಿನಿಂದಲೇ ನೋಡಿದೆ, ಅಂದು ಬೇಕೆಂದೇ ಎದುರಿಗೆ ಹೋಗಿ ನಿಂತಿದ್ದೆ. ಕೈ ಸವರಿತು. ಮಾಸ್ತರರು ಅಂಗೈ ನೋಡಿಕೊಂಡರು.

"ಈಗ ಸಮಾಧಾನ ಆತೇನಪಾ?"

"ಇಲ್ರಿ," ಎಂದ ಕ್ಯಾಪ್ಟನ್. "ನಿನ್ನೆ ಅನಿಸಿದ್ದು ಅನಸ್ತು. ಆಡತೇನಿ."

"ಆತು," ಎಂದರು ಮಾಸ್ತರರು. ಮುಂದಿನವನ ಕಡೆಗೆ ಹೋದರು.

ಆಮೇಲೆ ನಡೆದದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ರಾಮದುರ್ಗದ ಸಾಲಿನ ಕೊನೆಯಲ್ಲಿ ಅವರ ಗೋಲ್‌ಕೀಪರ್ ನಿಂತಿದ್ದ, ಕಂಬದಂಥ ಆಳು. ಮಾಸ್ತರರು ಅವನ ತೋಳು ಸವರಿದರು, ಅಂಗೈ ನೋಡಿಕೊಂಡರು, ಮತ್ತೊಮ್ಮೆ ಸವರಿದರು, ಮೂಸಿದರು. ಅಂಗೈ ಎತ್ತಿ ಜನಕ್ಕೆ ತೋರಿಸಿದರು. ಮಧ್ಯಾಹ್ನದ ಬಿಸಿಲಿಗೆ ಅದು ಕನ್ನಡಿಯಂತೆ ಹೊಳೆಯಿತು.

"ಎಣ್ಣಿ!"

ಅಷ್ಟು ವರ್ಷ ಫುಟ್‌ಬಾಲಿನಲ್ಲಿ ತೋಳು ಸವರಿ ಸವರಿ ಒಮ್ಮೆಯೂ ಸಿಗದ ಎಣ್ಣೆ ಅಂದು ಸಿಕ್ಕಿತ್ತು. ಮೈದಾನವಿಡೀ ಎದ್ದು ನಿಂತಿತು.

"ನಮ್ಮವ್ವ ಹಚ್ಚಿದ್ಲರಿ," ಎಂದ ಗೋಲ್‌ಕೀಪರ್ ಅಳುವ ದನಿಯಲ್ಲಿ. "ಫೈನಲ್ ಐತಿ, ಮೈ ಹಗರ ಆಗ್ಲಿ ಅಂತ ಮುಂಜಾನೆ ಕುಸುಬಿ ಎಣ್ಣಿ ಹಚ್ಚಿ ತಿಕ್ಕ್ಯಾಳ್ರಿ."

"ತೊಳಕೊಂಡ ಬಾ. ಅಕ್ಕೋರ, ಸೋಪ್ ಕೊಡ್ರಿ."

ಆಗ ಕ್ಯಾಪ್ಟನ್ ಸಾಲು ಬಿಟ್ಟು ಓಡಿ ಬಂದ. "ಸರ, ಸರ, ಬ್ಯಾಡ್ರಿ! ಇದೇನ್ ಕಬಡ್ಡೀನಾ? ಗೋಲ್‌ಕೀಪರ್ ಎಣ್ಣಿ ಹಚ್ಚಿದ್ರ ಬಾಲ್ ಜಾರತೈತಿ. ನಮಗ ಛಲೋನ ಅಲ್ರೀ? ಇರಲಿ ಬಿಡ್ರಿ ಅವನ್ನ, ಪಾಪ, ಅವರವ್ವ ಪ್ರೀತಿಲೆ ಹಚ್ಚ್ಯಾಳ!"

ಇದು ಮಾಸ್ತರರ ಯಾವ ಪುಸ್ತಕದಲ್ಲೂ ಇರಲಿಲ್ಲ.

"ನಿಯಮ ಅಂದ್ರ ನಿಯಮ," ಎಂದರು ಕೊನೆಗೆ.

"ಯಾವ ನಿಯಮ? ಪುಸ್ತಕದಾಗ ತೋರಿಸ್ರಿ!"

ಅಷ್ಟರಲ್ಲಿ ವಿಷಯ ತಲೆಗೆ ಹೊಕ್ಕ ರಾಮದುರ್ಗದವರು, "ತೊಳೀರಿ ಅವನ್ನ, ಲಗೂನ ತೊಳೀರಿ!" ಎಂದು ತಮ್ಮ ಗೋಲ್‌ಕೀಪರನ್ನು ತಾವೇ ಎತ್ತಿಕೊಂಡು ನಳದ ಕಡೆ ಓಡಿದರು. ಶಾಲೆಯ ಬಟ್ಟೆ ಸೋಪು ಕೊಟ್ಟವಳು ನಾನೇ. ನಾಲ್ಕು ಜನ ಸೇರಿ ಅವನನ್ನು ಎತ್ತಿನಂತೆ ತೊಳೆದರು. ಲಾರಿಗಳ ಮೇಲಿನ ಚಾಲಕರು ಹಾರ್ನ್ ಬಾರಿಸಿದರು. ಗೋಡೆಯ ಮೇಲೆ ಸುಬೇದಾರರು ಪಕ್ಕದವರ ಹೆಗಲು ಹಿಡಿದುಕೊಂಡು ನಗುತ್ತಿದ್ದರು, ಖಾಲಿಯಾಗಿದ್ದ ಜಾಗ ಯಾವಾಗಲೋ ತುಂಬಿತ್ತು.

ಗೋಲ್‌ಕೀಪರನ ಎಣ್ಣೆಯಿಂದ ಏನೂ ಸಾಬೀತಾಗಲಿಲ್ಲ. ನನಗೆ ಇದನ್ನು ಹೇಳಲೇಬೇಕು, ಏಕೆಂದರೆ ಆಮೇಲೆ ಬೈಲಹೊಂಗಲದ ಜನ, ಮಾಸ್ತರರು ಎಣ್ಣೆಯನ್ನೇ ನೋಡುತ್ತಿದ್ದರೆಂದು ಇದರಿಂದ ಸಿದ್ಧವಾಯಿತಲ್ಲ ಎಂದು ವಾದಿಸಿದರು. ರವಿವಾರ ಅವರು ಎಣ್ಣೆ ನೋಡಿದರು. ಶನಿವಾರ ಏನು ನೋಡಿದರೋ ಅದು ಕರಿಹಲಗೆಯ ಬಲಗಡೆಯೇ ಉಳಿಯಿತು.

ಆಟ ಶುರುವಾಯಿತು. ರಾಮದುರ್ಗದವರು ಒಂದು ಗೋಲು ಹೊಡೆದರು, ಇವರು ಒಂದು ಹೊಡೆದರು. ನಾನು ಆಟಕ್ಕಿಂತ ಹೆಚ್ಚಾಗಿ ಮಾಸ್ತರರನ್ನು ನೋಡುತ್ತಿದ್ದೆ. ಮೊದಲರ್ಧ ಅವರ ಸೀಟಿ ಬಾಯಿಯಲ್ಲೇ ಒದ್ದಾಡುತ್ತಿತ್ತು. ಸಿದ್ದಿಯರ ಮೇಲೆ ಫೌಲ್ ಕೊಟ್ಟರೆ ಒಂದು ಮಾತು, ಕೊಡದಿದ್ದರೆ ಇನ್ನೊಂದು ಮಾತು. ಕ್ಯಾಪ್ಟನ್ನನೂ ಹಾಗೆಯೇ. ಒಮ್ಮೆ ಅವನ ಕಾಲಿಗೆ ಚೆನ್ನಾಗಿ ಪೆಟ್ಟು ಬಿದ್ದರೂ ಬಾಯಿ ಬಿಡದೆ ಎದ್ದು ಓಡಿದ. ಇಬ್ಬರೂ ಒಬ್ಬರನ್ನೊಬ್ಬರು ಗಾಜಿನ ಸಾಮಾನಿನಂತೆ ದಾಟಿ ಹೋಗುತ್ತಿದ್ದರು. ಸೀಟಿಯೇನೋ ಮಾಸ್ತರರ ಬಾಯಿಯಲ್ಲಿತ್ತು, ಆದರೆ ಹೀಗೇ ಹೋದರೆ ಅವರು ಊದಿದರೂ ಊದದಂತೆಯೇ.

ಎರಡನೇ ಅರ್ಧದ ಕೊನೆಯ ಹೊತ್ತು. ಕೋಟೆಯ ಕಡೆಯ ಗೆರೆಯ ಬಳಿ ಚೆಂಡಿಗಾಗಿ ಇಬ್ಬರು ತಳ್ಳಾಡಿದರು, ಕ್ಯಾಪ್ಟನ್ ಮತ್ತು ರಾಮದುರ್ಗದ ಒಬ್ಬ ಗಿಡ್ಡನೆಯ ಆಟಗಾರ. ಚೆಂಡು ಹೊರಗೆ ಹೋಯಿತು. ಮಾಸ್ತರರು ಸೀಟಿ ಊದಿ ರಾಮದುರ್ಗದ ಕಡೆ ಕೈ ತೋರಿಸಿದರು. ಒಂದು ಮಾಮೂಲಿ ಥ್ರೋ.

ಕ್ಯಾಪ್ಟನ್ ಸುಮ್ಮನೆ ತಿರುಗಿ ನಾಲ್ಕು ಹೆಜ್ಜೆ ನಡೆದ. ನಿಂತ. ಮತ್ತೆ ತಿರುಗಿದ.

"ಏನ್ರಿ ಸರ ಇದು? ಅವನ ಕಾಲಿಗೆ ಬಡದ ಹೋಗೇತಿ!"

"ನಿನ್ನ ಕಾಲಿಗೆ!"

"ನನ್ನ ಕಾಲು ಇಲ್ಲಿ ಇತ್ರಿ! ಬಾಲ್ ಅಲ್ಲಿ ಇತ್ತು! ನನ್ನ ಕಾಲೇನ್ ಟೆಂಪೋನಾ, ಅಷ್ಟ ಉದ್ದ ಬರಾಕ?"

"ನಾ ಮಾರ ದೂರ ನಿಂತ ನೋಡೇನಿ!"

"ಏನ್ ನೋಡೀರಿ? ಕಣ್ಣ ಎಲ್ಲಿ ಇಟ್ಟಿದ್ರಿ? ಆ ಗಿಡ್ಡಗ ಕೇಳ್ರಿ! ಏ ಗಿಡ್ಡಾ, ಹೇಳೊ, ನಿನಗ ಬಡೀತಿಲ್ಲೊ?"

"ನನಗೇನ್ ಕೇಳತಿ, ನಾ ಯಾಕ ಹೇಳ್ಲಿ?" ಎಂದ ಗಿಡ್ಡನೆಯವನು, ಚೆಂಡನ್ನು ಹೊಟ್ಟೆಗೆ ಅವಚಿಕೊಂಡು.

"ನೋಡ್ರಿ! ಹೇಳವಲ್ಲ! ತಪ್ಪ ಅವನದು!"

"ರೆಫರಿ ನಾನು! ಬಾಯಿ ಮುಚ್ಚಿ ಆಡತೀಯೊ, ಹೊರಗ ಹಾಕ್ಲ್ಯೊ?"

"ಹಾಕ್ರಿ ನೋಡೂಣು! ಥ್ರೋ ನಮ್ಮದು!"

ಮಾಸ್ತರರ ಮುಖಕ್ಕೆ ರಕ್ತ ಏರಿತ್ತು. ಎಡಗಾಲು ಮುಂದೆ ಬಂದಿತ್ತು, ಕಬಡ್ಡಿಯವರಂತೆ ತೊಡೆ ತಟ್ಟುವುದೊಂದು ಬಾಕಿ. ಕ್ಯಾಪ್ಟನ್ನನ ದನಿ ಹೆದ್ದಾರಿಯ ಆಚೆಗೂ ಕೇಳುತ್ತಿತ್ತು. ರಾಮದುರ್ಗದವರು ಇವನಿಗೆ ಬೈದರು, ಹಳಿಯಾಳದವರು ಅವರಿಗೆ ಬೈದರು, ಸಾವಕಾರರು ಯಾರಿಗೆಂದಿಲ್ಲದೆ ಬೈದರು. ಅಷ್ಟೂ ಬೈಗುಳದಲ್ಲಿ ನಾನು ಕಿವಿಗೊಟ್ಟು ಹುಡುಕಿದೆ. ತೋಳಿನ ಮಾತು ಇರಲಿಲ್ಲ, ಬಣ್ಣದ ಮಾತು ಇರಲಿಲ್ಲ, ಯಾರ ಮಂದಿಯ ಮಾತೂ ಇರಲಿಲ್ಲ. ಚೆಂಡು, ಕಾಲು, ಗೆರೆ, ಇಷ್ಟೇ ಇದ್ದವು.

ಥ್ರೋ ರಾಮದುರ್ಗಕ್ಕೇ ಹೋಯಿತು. ಅದರಿಂದ ಗೋಲೇನೂ ಆಗಲಿಲ್ಲ. ಆದರೆ ಕೊನೆಗೆ ಗೆದ್ದವರು ರಾಮದುರ್ಗದವರೇ, ಪೆನಾಲ್ಟಿಗಳಲ್ಲಿ, ತೊಳೆದ ಗೋಲ್‌ಕೀಪರನ ಕೈಯಿಂದ. ಇಷ್ಟರ ಬಗ್ಗೆ ನಾಲ್ಕೂ ಊರಿನವರ ನೆನಪು ಒಂದೇ.

ಬಹುಮಾನ ಕೊಟ್ಟಾದ ಮೇಲೆ, ಟೆಂಪೋ ಹೊರಡುವ ಹೊತ್ತಿಗೆ, ಕ್ಯಾಪ್ಟನ್ ಸ್ಟೇರಿಂಗ್ ಮುಂದೆ ಕೂತಿದ್ದ. ಮಾಸ್ತರರು ಕಿಟಕಿಯ ಪಕ್ಕ ನಿಂತಿದ್ದರು, ಕೊರಳಲ್ಲಿ ಸೀಟಿ. ನಾನು ಬಲೆಯ ಗಂಟು ಹೊತ್ತು ಹಾದು ಹೋಗುವಾಗ ಕೇಳಿಸಿಕೊಂಡೆ.

"ಮುಂದಿನ ವರ್ಷ ಬರತೇವ್ರಿ. ಆವಾಗರೆ ಕಣ್ಣ ತಗದ ನೋಡ್ರಿ. ಅದು ನಮ್ಮ ಥ್ರೋ."

"ಮುಂದಿನ ವರ್ಷನೂ ಹಂಗ ಹೋದ್ರ ಅವರಿಗೇ ಕೊಡತೇನಿ."

"ಕೊಡ್ರಿ, ಕೊಡ್ರಿ! ನಾನೂ ಹಿಂಗ ಒದರತೇನಿ!"

"ಒದರ ಮಗನ, ಎಷ್ಟ ಒದರತಿ ಒದರು!"

ಟೆಂಪೋ ಹೊರಟಿತು. ಕಿಟಕಿಯಿಂದ ಹೊರಗೆ ಬಂದ ಕ್ಯಾಪ್ಟನ್ನನ ಬೆರಳು ಇನ್ನೂ ಆ ಗೆರೆಯ ಕಡೆಗೇ ತೋರಿಸುತ್ತಿತ್ತು. ಮಾಸ್ತರರು ರಸ್ತೆಯ ನಡುವೆ ನಿಂತು, ಬಲಗೈ ಪೂರ್ತಿ ಚಾಚಿ, ರಾಮದುರ್ಗದ ದಿಕ್ಕು ತೋರಿಸಿ, ಸೀಟಿ ಊದಿದರು.